ಸುಮಾ, ಆ ಬಣ್ಣದ ಹಾಳೆ ತಗೋಬೇಡ

ಸುಮಾ, ನಾನು ದೊಡ್ಡಮ್ಮ. ಟೈಪ್ ಮಾಡೋದು ನನ್ನ ಕೈಲಾಗಲ್ಲ, ಅದಕ್ಕೇ ಮಾತಾಡ್ತಿದ್ದೇನೆ. ಚಿಂಟು ಓದುವಾಗ ಅಕ್ಷರ ಕುಣಿಯುತ್ತವೆ ಅಂತಾನೆ, ಯಾರೋ ಸೆಂಟರಿನವರು ಪುಸ್ತಕದ ಮೇಲಿಡೋಕೆ ಬಣ್ಣದ ಹಾಳೆ, ಜೊತೆಗೆ ಬಣ್ಣದ ಕನ್ನಡಕ ತಗೊಳ್ಳಿ ಅಂದಿದ್ದಾರೆ, ಕೊಡಿಸಲಾ ಅಂತ ಕೇಳಿದ್ದೀಯ. ಅದಕ್ಕೆ ದುಡ್ಡು ಸುರಿಯಬೇಡ.

ನಮ್ಮ ಶ್ರೀಧರನದು ಗೊತ್ತಲ್ಲ. ನಿಮ್ಮ ದೊಡ್ಡಪ್ಪ ಯಾರದೋ ಮಾತು ಕೇಳಿ ಗುಲಾಬಿ ಬಣ್ಣದ ಕನ್ನಡಕ ಮಾಡಿಸಿದರು. ಬೇಡ ಅಂದೆ, ನನ್ನ ಮಾತು ಯಾರು ಕೇಳ್ತಾರೆ? ಹುಡುಗನಿಗೆ ಮೊದಮೊದಲು ಖುಷಿಯೋ ಖುಷಿ. ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಪುಟವೆಲ್ಲ ಗುಲಾಬಿ, ಆದರೆ 'ಕತ್ತೆ'ಯನ್ನು ಆಗಲೂ 'ಕತೆ' ಅಂತಲೇ ಓದಿದ. ಒತ್ತಕ್ಷರ ಬಂದಲ್ಲೆಲ್ಲ ನುಂಗೋದೇ. ಕನ್ನಡಕ ನಂಬಿಕೊಂಡು ಒಂದು ವರ್ಷ ಸುಮ್ನೆ ಹೋಯಿತು. ಕೊನೆಗೆ ಡಾಕ್ಟರ್ ಬಿಡಿಸಿ ಹೇಳಿದರು: ತೊಂದರೆ ಕಣ್ಣಿನದಲ್ಲಮ್ಮ, ಅಕ್ಷರಕ್ಕೂ ಅದರ ಸದ್ದಿಗೂ ಹೊಂದಿಸೋದು ಮಗುವಿಗೆ ಕಷ್ಟ. ಅಮೆರಿಕದಲ್ಲಿ ಹೆಲೆನ್ ಇರ್ಲೆನ್ ಅನ್ನೋರು 1980ರ ದಶಕದಲ್ಲಿ ಈ ಬಣ್ಣದ ದಾರಿ ಹಿಡಿದರಂತೆ. 2009ರಲ್ಲಿ ಅಲ್ಲಿನ ಮಕ್ಕಳ ವೈದ್ಯರೂ ಕಣ್ಣಿನ ವೈದ್ಯರೂ ಒಟ್ಟಾಗಿ, ಇದಕ್ಕೆ ಸರಿಯಾದ ಆಧಾರ ಇಲ್ಲ ಅಂದಿದ್ದಾರೆ. ಇನ್ನೊಂದು ಸಲ ಹೇಳ್ತೀನಿ, ದುಡ್ಡು ಸುರಿಯಬೇಡ.

ಆಗ ನಮ್ಮ ಕಷ್ಟ ಯಾರಿಗೂ ಬೇಕಿರಲಿಲ್ಲ ಬಿಡು. ನಿಮ್ಮ ಚಿಕ್ಕಪ್ಪನ ಮನೆಯಲ್ಲಿ ಎಲ್ಲರೆದುರು ಶ್ರೀಧರನ ಕೈಗೆ ಲಗ್ನಪತ್ರಿಕೆ ಕೊಟ್ಟು ಓದು ಅಂದರು. ಮಗು ತಡವರಿಸಿತು, ಚಿಕ್ಕಪ್ಪನ ಮನೆಯವರು ನಕ್ಕರು. ದಡ್ಡ ಅಂದವರೂ ಇದ್ದರು. ಈಗ ಫೋನ್ ಕೆಟ್ಟರೆ ಶ್ರೀಧರನೇ ಬೇಕು ಇವರಿಗೆ! ಇದೇ ಗ್ರೂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಮದುವೆಗೂ ನಮ್ಮನ್ನ ಸರಿಯಾಗಿ ಕರೀಲಿಲ್ಲ, ಅದು ಬೇರೆ ವಿಷಯ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಪವರ್ ಇದೆಯಾ ನೋಡಿಸು, ಅಕ್ಷರ ಕುಣಿಯೋದು ಅದರಿಂದಲೂ ಇರಬಹುದು. ಅಲ್ಲೇನೂ ಇಲ್ಲದಿದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗಕ್ಕೆ ಹೋಗು, ಕಲಿಕೆಯ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಕೊಡ್ತಾರೆ. ಮನೆಯಲ್ಲಿ ದಿನಾ ಸ್ವಲ್ಪ, ಸದ್ದು ಬಿಡಿಸಿ ಬಿಡಿಸಿ ಓದಿಸು. ಬಣ್ಣ ಬೇಕೇ ಬೇಕು ಅಂತ ಹಟ ಹಿಡಿದರೆ ಸ್ಟೇಷನರಿ ಅಂಗಡಿಯ ಜೆಲಟಿನ್ ಪೇಪರ್ ಸಾಕು. ಮತ್ತೆ ಆಸ್ಪತ್ರೆಗೆ ಹೋಗುವಾಗ ಅವನ ಶಾಲೆಯ ನೋಟ್‌ಬುಕ್ ತಗೊಂಡು ಹೋಗು, ಬರೆದದ್ದು ತೋರಿಸಿ ಅಂತ ಕೇಳ್ತಾರೆ.