4ನೇ ಅಡ್ಡರಸ್ತೆ: ಸ್ಕೂಲ್ ವ್ಯಾನ್ ಹಾರ್ನ್ ಬದಲು ಏನು ಮಾಡಬಹುದು? ಐಡಿಯಾ ಹೇಳಿ

ಮನೆ 19
ಎಲ್ಲರಿಗೂ ನಮಸ್ಕಾರ. ನಮ್ಮ ಮಗುವಿಗೆ ಈಗ ಎರಡು ತಿಂಗಳು. ರಾತ್ರಿಯೆಲ್ಲ ಎದ್ದಿದ್ದು ಐದೂವರೆಗೆ ಕಣ್ಣು ಮುಚ್ಚುತ್ತೆ. 6:50ಕ್ಕೆ ವ್ಯಾನ್ ಬರುತ್ತೆ. ಐದು ಮನೆ, ಮನೆಗೆ ಮೂರು ಹಾರ್ನ್. ಮಗು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿ ಬೆರಳು ಅಗಲಿಸುತ್ತೆ, ಹಿಂದೆಯೇ ಅಳು. ನಿನ್ನೆ ಕಿಟಕಿ ಹತ್ತಿರ ಮೊಬೈಲಿನಲ್ಲಿ ಅಳೆದೆ, 91 ಡೆಸಿಬಲ್ ತೋರಿಸ್ತು. ಜಗಳ ಬೇಡ. ಮಕ್ಕಳನ್ನ ಕರೆಯೋಕೆ ಬೇರೆ ಉಪಾಯ ಇದ್ರೆ ಹೇಳಿ. ವಿಚಿತ್ರ ಅನ್ನಿಸಿದ್ರೂ ಪರವಾಗಿಲ್ಲ.

ಮನೆ 12
ಸರಿಯಾಗಿ ಹೇಳಿದೆ ತಾಯಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ 45 ಡೆಸಿಬಲ್ ಮಿತಿ. ಡೆಸಿಬಲ್ 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಗುತ್ತೆ, ಹಾಗಾಗಿ 55ಕ್ಕೂ 91ಕ್ಕೂ ಅಜಗಜಾಂತರ. ಸುಮ್ಮನೆ ಹಾರ್ನ್ ಹೊಡೆದರೆ ಮೋಟಾರು ವಾಹನ ಕಾಯ್ದೆಯಲ್ಲಿ 1,000 ರೂಪಾಯಿ ದಂಡ ಇದೆ. ಆದರೆ ದಂಡದ ದಾರಿ ನನಗೆ ಬೇಡ. ಎಂಟು ವರ್ಷದಿಂದ ಈ ಬೀದಿ ಮಕ್ಕಳನ್ನ ಕೈಹಿಡಿದು ಹತ್ತಿಸಿ ಇಳಿಸಿದ ಹುಡುಗ ಆ ಡ್ರೈವರ್.

ಮನೆ 31
ಮೇಷ್ಟ್ರೇ, ಕೆಲವು ವರ್ಷದ ಹಿಂದೆ ಮುಂಬೈ ಪೊಲೀಸರು ಸಿಗ್ನಲ್ ಕಂಬಕ್ಕೆ ಡೆಸಿಬಲ್ ಮೀಟರ್ ಕಟ್ಟಿದ್ದರು. ಹಾರ್ನ್ ಗದ್ದಲ 85 ದಾಟಿದರೆ ಕೆಂಪು ದೀಪದ ಲೆಕ್ಕ ಮತ್ತೆ ಮೊದಲಿಂದ ಶುರು. ನಾವೂ ಗೇಟಿಗೆ ಅಂಥದ್ದೇ ಕಟ್ಟೋಣ. ಹಾರ್ನ್ ಕೇಳಿದರೆ ಗೇಟು ಇನ್ನೂ ಎರಡು ನಿಮಿಷ ತೆರೆಯಬಾರದು.

ಮನೆ 23
ಹಾಗೆ ಮಾಡಿದ್ರೆ ತಡ ಆಗೋದು ನಮ್ಮ ಮಕ್ಕಳಿಗೇ ಅಲ್ವಾ? ನಿಜ ಹೇಳ್ತೀನಿ, ಅವರು ಮೂರನೇ ಹಾರ್ನ್ ಹೊಡೆಯೋದು ನಮ್ಮ ಮನೆಗಾಗಿ. ವ್ಯಾನ್ ಬಂದ ಮೇಲೇ ನಮ್ಮವಳಿಗೆ ಒಂದು ಕಾಲಿನ ಸಾಕ್ಸ್ ಸಿಗಲ್ಲ. 19ರ ಅಕ್ಕ, ಪಾಪು ಏಳುತ್ತೆ ಅಂತ ಗೊತ್ತಿರಲಿಲ್ಲ, ಕ್ಷಮಿಸಿ.

ಮನೆ 8
ದಂಡ ಬೇಡ, ಮನಸ್ಸಿಗೆ ನಾಟೋ ಹಾಗೆ ಏನಾದ್ರೂ ಮಾಡೋಣ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆ ಮಾಡಿ ಬಿಟ್ಟರು. ಊರೆಲ್ಲ ನೋಡಿತು, ಗುಂಡಿ ಮುಚ್ಚಿದರು. ನನ್ನ ಹತ್ತಿರ ಹಸುವಿನ ಕೊರಳಗಂಟೆ ಐದಿದೆ, ನಮ್ಮಪ್ಪನ ಕಾಲದ್ದು. ಗೇಟಿಗೊಂದು ಕಟ್ಟಿ ಹಗ್ಗ ಇಳಿಬಿಡೋಣ. ಡ್ರೈವರ್ ಕೂತಲ್ಲಿಂದಲೇ ಎಳೀಲಿ. ಆ ನಾದಕ್ಕೆ ಯಾವ ಮಗುವೂ ಬೆಚ್ಚಲ್ಲ.

ಮನೆ 31
ಐಡಿಯಾ ತುಂಬಾ ಚೆನ್ನಾಗಿದೆ ಅಂಕಲ್. ಆದರೆ ವ್ಯಾನ್ ಎಡಗಡೆ ನಿಲ್ಲುತ್ತೆ, ಗೇಟೂ ಎಡಗಡೆ. ಸ್ಟೀರಿಂಗ್ ಬಲಗಡೆ. ಹಗ್ಗಕ್ಕೆ ಕೈ ಎಟುಕಬೇಕಾದ್ರೆ ಅವರು ಇಳಿದು ಸುತ್ತಿ ಬರಬೇಕು.

ಮನೆ 27
ಹಾಗಿದ್ರೆ ಗಂಟೆಯ ಗುಂಡಿಯನ್ನೇ ವ್ಯಾನಿಗೆ ಕೊಟ್ಟುಬಿಡೋಣ! ವೈರ್ ಇಲ್ಲದ ಕಾಲಿಂಗ್ ಬೆಲ್ ಬರುತ್ತಲ್ಲ, ಬಾಗಿಲಿಗೆ ಅಂಟಿಸೋ ಬದಲು ಐದೂ ಸ್ವಿಚ್ಚನ್ನ ಒಂದು ಮರದ ಪಟ್ಟಿಗೆ ಅಂಟಿಸಿ ಸ್ಟೀರಿಂಗ್ ಪಕ್ಕ ಕಟ್ಟೋದು. ಗಂಟೆ ಮಾತ್ರ ಮನೆಯೊಳಗೆ. ಯಾವುದು ಯಾರ ಮನೆಯದು ಅಂತ ತಿಳಿಯೋಕೆ ಮಕ್ಕಳೇ ಚಿತ್ರ ಬರೀಲಿ: 23ಕ್ಕೆ ಆನೆ, 14ಕ್ಕೆ ಕೊಡೆ, ಹೀಗೆ. ನಮ್ಮನೇಲಿ ಒಂದು ಬೆಲ್ ಇತ್ತು, ಈಗಷ್ಟೇ ನೋಡಿದೆ. ಹೊಂಗೆ ಮರದ ಹತ್ತಿರ ನಿಂತು ಒತ್ತಿದರೆ ಒಳಗೆ ಬಾರಿಸ್ತು. ಪಾರ್ಕ್ ಮೂಲೆಯಿಂದ ಇಲ್ಲ.

ಮನೆ 12
ಹೊಂಗೆ ಮರ ಸಾಕಪ್ಪ. ಅಲ್ಲಿಂದ ಗೇಟಿಗೆ ಬರೋಷ್ಟರಲ್ಲಿ ಸಾಕ್ಸ್ ಸಿಗುತ್ತೆ. ಹಾರ್ನ್ ಯಾಕೆ ಬೇಕಿತ್ತು ಹೇಳಿ, ಬಂದೆ ಅಂತ ಒಳಗೆ ತಿಳಿಸೋಕೆ ಅವನ ಹತ್ತಿರ ಬೇರೇನೂ ಇರಲಿಲ್ಲ. ನಾವು ಯಾವತ್ತೂ ಕೊಡಲೂ ಇಲ್ಲ. ಸಂಜೆ ನಾನೇ ಮಾತಾಡ್ತೀನಿ.

ಮನೆ 27
ಒಂದು ಎಚ್ಚರಿಕೆ. ಒಂದೇ ಥರದ ಬೆಲ್ ತಂದರೆ ಒಂದು ಒತ್ತಿದಾಗ ಎರಡು ಮನೇಲಿ ಬಾರಿಸಬಹುದು. ಒಂದೊಂದನ್ನೂ ಅದರದರ ಗಂಟೆ ಜೊತೆ ಜೋಡಿ ಮಾಡಬೇಕು. ಭಾನುವಾರ ಎಲ್ಲರೂ ನಮ್ಮ ಜಗಲಿಗೆ ತನ್ನಿ, ಕೂತು ಮಾಡೋಣ.

ಮನೆ 8
ಪಟ್ಟಿಗೆ ನನ್ನ ಹತ್ತಿರ ತೇಗದ ತುಂಡಿದೆ, ಉಜ್ಜಿ ಕೊಡ್ತೀನಿ. ಕೊರಳಗಂಟೆಯಲ್ಲಿ ಒಂದನ್ನ ಪಾಪುವಿಗೆ ಇಟ್ಟುಕೊಳ್ಳಿ ತಾಯಿ.

ಮನೆ 12
ಮಾತಾಡಿದೆ. ಒಂದು ಕ್ಷಣವೂ ಯೋಚಿಸದೆ ಒಪ್ಪಿದ. ಹಾರ್ನ್ ಹೊಡೀಬೇಕಾದಾಗೆಲ್ಲ ಅವನಿಗೂ ಮುಜುಗರ ಆಗ್ತಿತ್ತಂತೆ. ಆದರೆ ತಿರುವಿನಲ್ಲಿ ನಾಯಿ, ಸೈಕಲ್ ಅಡ್ಡ ಬಂದರೆ ಹೊಡೀಲೇಬೇಕು ಅಂದ. ಅದು ಸರಿಯೇ, ಹಾರ್ನ್ ಇರೋದೇ ಅದಕ್ಕೆ.

ಮನೆ 19 (ಸೋಮವಾರ, 7:05)
ಈಗ ವ್ಯಾನ್ ಹೋಯ್ತು. ನಾನು ಕಿಟಕಿ ಹತ್ತಿರ ನಿಂತೇ ಇದ್ದೆ. ಎದುರುಮನೆ ಒಳಗಿಂದ ಹಕ್ಕಿ ಕೂಗಿದ ಹಾಗೆ ಸಣ್ಣಗೆ ಬೆಲ್ ಕೇಳಿಸ್ತು, ಮಗು ಬ್ಯಾಗ್ ಹಾಕಿಕೊಂಡು ಓಡಿ ಬಂತು, ಬಾಗಿಲು ಎಳೆದ ಸದ್ದು ಅಷ್ಟೇ. ಪಾಪು ಇನ್ನೂ ಮಲಗಿದೆ. ಎಲ್ಲರಿಗೂ ಏನು ಹೇಳಲಿ ಗೊತ್ತಾಗ್ತಿಲ್ಲ.

ಮನೆ 23
ಆನೆ ಗಂಟೆ ಎರಡು ಸಲ ಒತ್ತಬೇಕಾಯ್ತಂತೆ, ಸೆಲ್ ಸಡಿಲ ಇರಬೇಕು. 27ರ ತಮ್ಮ, ಸಂಜೆ ಸ್ವಲ್ಪ ನೋಡ್ತೀಯಾ?