ಹೋಟೆಲ್ ‘ನಡೆಸು’ವುದೋ, ‘ಚಲಾಯಿಸು’ವುದೋ?

ಬಳಗದವರಿಗೆ ನಮಸ್ಕಾರ. ಇಂಗ್ಲಿಷಿನ ‘ರನ್’ ಕ್ರಿಯಾಪದದ ಸುತ್ತ ಒಂದು ಜಿಜ್ಞಾಸೆ.

ಇಲ್ಲಿ ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳು ‘ಮಾಮ ಮಾಟುಂಗದಲ್ಲಿ ಹೋಟೆಲ್ ಚಲಾಯಿಸ್ತಾರೆ’ ಅನ್ನುತ್ತಾರೆ. ಎಲ್ಲರೂ ಇಂಗ್ಲಿಷನ್ನು ದೂರುತ್ತಾರೆ; ನನಗೆ ಅದರಲ್ಲಿ ಕೇಳಿಸುವುದು ಮರಾಠಿ. ಮರಾಠಿಯ ‘ಚಾಲವಣೆ’ಗೆ ರಿಕ್ಷಾ, ದುಕಾನು, ಸಂಸಾರ ಎಲ್ಲವೂ ಒಂದೇ. ನಾವಾದರೋ ರಿಕ್ಷಾ ಓಡಿಸುತ್ತೇವೆ, ಅಂಗಡಿ ನಡೆಸುತ್ತೇವೆ, ಸಂಸಾರ ತೂಗಿಸುತ್ತೇವೆ. ‘ಚಲಾಯಿಸು’ ಕನ್ನಡದಲ್ಲೂ ಇದೆ, ಆದರೆ ವಾಹನ, ಮತ, ಅಧಿಕಾರಗಳ ಜೊತೆಗೆ. (ಅಡುಗೆಭಟ್ಟರ ಮೇಲೆ ಅಧಿಕಾರ ಚಲಾಯಿಸುವ ಧಣಿಗಳ ಮಾತು ಬೇರೆ.)

ಹೋಟೆಲಿನ ವಿಷಯದಲ್ಲಂತೂ ಇಲ್ಲಿನ ಕನ್ನಡ ಬಲು ಚೊಕ್ಕ. ‘ಹೋಟೆಲ್ ಇಟ್ಟಿದ್ದಾರೆ’ ಅಂದರೆ ಸ್ವಂತದ್ದು. ಕಂಡಕ್ಟಿಂಗ್‌ಗೆ ತೆಗೆದುಕೊಂಡವರು ಮಾಲೀಕರಿಗೆ ತಿಂಗಳಿಗಿಷ್ಟು ಅಂತ ಕೊಟ್ಟು ‘ನಡೆಸುತ್ತಾರೆ’. ‘ರನ್’ ಅಂದರೆ ಈ ಇಬ್ಬರಲ್ಲಿ ಯಾರೆಂದು ತಿಳಿಯುವುದಿಲ್ಲ. ‘ಓಡಿಸು’ ಅಂತೂ ಬೇಡ, ಗಿರಾಕಿಗಳನ್ನು ಓಡಿಸಿದ ಹಾಗಾಗುತ್ತದೆ.

ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ನದು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥ ಕೊಟ್ಟು ಅದನ್ನು ಹಿಂದೆ ಹಾಕಿದರು. ಕನ್ನಡದಲ್ಲಿ ಈ ಹೊರೆಯನ್ನು ಬೇರೆಬೇರೆ ಕ್ರಿಯಾಪದಗಳು ಹಂಚಿಕೊಂಡಿವೆ: ಮೂಗು ಸೋರುತ್ತದೆ, ನೀರು ಹರಿಯುತ್ತದೆ, ಸಕ್ಕರೆ ಮುಗಿಯುತ್ತದೆ. ಸೀರೆ ಬಣ್ಣ ಬಿಡುತ್ತದೆ; ದಾದರಿನ ಅಂಗಡಿಯಲ್ಲಿ ಪಕ್ಕದ ಮರಾಠಿ ಹೆಂಗಸು ಕೇಳುವುದು ‘ರಂಗ್ ಜಾತೋ ಕಾ?’ (ಬಣ್ಣ ಹೋಗುತ್ತದೆಯೇ?) ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟಿಷರು ನಿಲ್ಲುತ್ತಾರೆ. ನಾವೂ ಮರಾಠಿಗರೂ ನಿಲ್ಲುವ ಪಂಗಡ.

ಲೋಕಲ್ ಗಾಡಿ ಮಾತ್ರ ಮರಾಠಿಯಲ್ಲಿ ‘ಉಶಿರಾನೆ ಧಾವತ್ ಆಹೇ’. ತಡವಾದದ್ದು ಅದು ಹೇಗೆ ಧಾವಿಸುತ್ತದೋ! ಪ್ಲಾಟ್‌ಫಾರ್ಮಿನಲ್ಲಿ ನಮ್ಮವರು ‘ಗಾಡಿ ಲೇಟು’ ಅಂದು ಮುಗಿಸುತ್ತಾರೆ, ಕ್ರಿಯಾಪದದ ಗೋಜೇ ಇಲ್ಲ.

ಈಗ ಪ್ರಶ್ನೆ. ‘ಹೋಟೆಲ್ ಚಲಾಯಿಸು’ ಪುಣೆ, ಸೊಲ್ಲಾಪುರ, ಬೆಳಗಾವಿ ಕಡೆಯ ಹಿರಿಯರ ಬಾಯಲ್ಲೂ ಇದೆಯೇ? ಇದ್ದರೆ ನನ್ನ ತಕರಾರಿಲ್ಲ. ಗಡಿಯ ಕನ್ನಡಕ್ಕೆ ಅದು ಹಳೆಯ ನೆಂಟಸ್ತಿಕೆ. ಮುಂಬಯಿ ಮಕ್ಕಳದ್ದೇ ಆದರೆ, ಮನೆಯಲ್ಲಿ ತಿದ್ದಬೇಕೋ ಬಿಡಬೇಕೋ? ನಾನು ತಿದ್ದುವ ಕಡೆಗಿದ್ದೇನೆ. ಪುಣೆಯವರು ದಯವಿಟ್ಟು ಮೊದಲು ಉತ್ತರಿಸಿ.