ಚೀಸ್ ಹಾಕಬೇಕೋ ಬೇಡವೋ: ‘ಅಜ್ಜನ ಮನೆ’ ಗುಂಪಿನ ಆಲೂಗಡ್ಡೆ ಜಗಳ

ವಿದ್ಯಾ ಚಿಕ್ಕಮ್ಮ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ರೀಲ್ ಹಾಕಿದರು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಮೇಲೆ ಮೂರು ಥರದ ಚೀಸ್. ಚಮಚದಲ್ಲಿ ಎತ್ತಿದರೆ ಮೊಳದುದ್ದ ಎಳೆ. ಕೆಳಗೆ ‘ಅಪ್ಪಟ ಫ್ರೆಂಚ್ ಗ್ರಾಟಿನ್ ಡೊಫಿನ್ವಾ’ ಎಂದು ಬರೆದಿತ್ತು. ನಮ್ಮ ಚಿನ್ನು ಓದುತ್ತಿರುವುದು ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ. ಆ ಊರು ಇರುವುದೇ ಈ ತಿಂಡಿಗೆ ಹೆಸರು ಕೊಟ್ಟ ಹಳೇ ಡೊಫಿನೆ ಪ್ರಾಂತ್ಯದಲ್ಲಿ. ಅವನು ಸುಮ್ಮನಿರುತ್ತಾನಾ?

ವಿದ್ಯಾ ಚಿಕ್ಕಮ್ಮ: ಭಾನುವಾರ ಎಲ್ಲರೂ ನಮ್ಮನೆಗೆ ಬರ್ತೀರಲ್ಲ, ಚಪಾತಿ ಜೊತೆಗೆ ಇದನ್ನು ಮಾಡೋಣ ಅಂತಿದ್ದೀನಿ. ಹೇಗಿದೆ?

ಚಿನ್ನು: ನೋಡೋಕೆ ಚೆನ್ನಾಗಿದೆ ಚಿಕ್ಕಮ್ಮ. ಆದರೆ ಅದು ಡೊಫಿನ್ವಾ ಅಲ್ಲ. ಅದಕ್ಕೆ ಚೀಸ್ ಹಾಕುವುದಿಲ್ಲ. ಆಲೂಗಡ್ಡೆ, ಹಾಲು, ಕ್ರೀಮ್, ಬೆಳ್ಳುಳ್ಳಿ, ಉಪ್ಪು, ಮೆಣಸು, ಚೂರು ಜಾಜಿಕಾಯಿ. ಮುಗೀತು.

ವಿದ್ಯಾ ಚಿಕ್ಕಮ್ಮ: ಚೀಸ್ ಇಲ್ಲದೆ ಅಷ್ಟು ಗಟ್ಟಿಯಾಗಿ ಹೇಗೆ ಬರುತ್ತೆ? ಸುಮ್ನೆ ಏನೋ ಹೇಳಬೇಡ.

ಚಿನ್ನು: ಚೀಸ್ ಹಾಕುವವರು ಪಕ್ಕದ ಸವ್ವಾ ಪ್ರಾಂತ್ಯದವರು. ಅವರದು ಬೋಫೋರ್ ಚೀಸ್, ಹಾಲಿನ ಬದಲು ಸ್ಟಾಕ್, ಅಂದರೆ ಮಾಂಸವೋ ತರಕಾರಿಯೋ ಬೇಯಿಸಿದ ಸಾರು. ಅದು ಬೇರೆಯೇ ತಿಂಡಿ. ಬಿಸಿಬೇಳೆಬಾತಿಗೆ ಪನೀರ್ ಹಾಕಿ ಅಪ್ಪಟ ಮೈಸೂರಿನದು ಅಂದರೆ ನೀವು ಬಿಡ್ತೀರಾ?

ವಿದ್ಯಾ ಚಿಕ್ಕಮ್ಮ: ಪನೀರ್ ಹಾಕಿದರೆ ತಿಂತೀನಿ ಕಣೋ. ನನಗೇನು.

ಚಿನ್ನು: ಇದು ಮೊದಲು ಬರಹದಲ್ಲಿ ಸಿಗುವುದೇ 1788ರ ಜುಲೈ 12ರ ಊಟದಲ್ಲಿ. ಕ್ಲೆರ್ಮೋ-ತೊನೇರ್‌ನ ಡ್ಯೂಕ್ ಅಂತ ಒಬ್ಬ, ಡೊಫಿನೆಯ ಲೆಫ್ಟಿನೆಂಟ್ ಜನರಲ್. ಗ್ಯಾಪ್ ಅನ್ನುವ ಊರಿನ ಅಧಿಕಾರಿಗಳಿಗೆ ಊಟ ಹಾಕಿಸಿದ. ಅಷ್ಟು ಹಳೇದು.

ರಮೇಶ ಮಾವ: ಆಲೂಗಡ್ಡೆ ಜೊತೆಗೆ ಏನು ಬಡಿಸಿದ್ನಂತೆ?

ಚಿನ್ನು: ಓರ್ಟೋಲಾನ್. ಗುಬ್ಬಿಯಷ್ಟಿರುವ ಹಕ್ಕಿ.

ದೊಡ್ಡಮ್ಮ: ಶಿವ ಶಿವಾ.

ರಮೇಶ ಮಾವ: ಮಾರನೇ ವರ್ಷ ಜುಲೈ 14ಕ್ಕೆ ಬಾಸ್ತೀಲ್ ಕೋಟೆ ಬಿತ್ತು, ಫ್ರೆಂಚ್ ಕ್ರಾಂತಿ. ಡ್ಯೂಕ್ ಸರಿಯಾದ ಟೈಮಿಗೇ ಊಟ ಹಾಕಿಸಿದ್ದಾನೆ ಬಿಡು.

ದೊಡ್ಡಮ್ಮ: ವಿದ್ಯಾ, ಚೀಸಿಗೆ ಕರುವಿನ ಹೊಟ್ಟೆಯದು ಏನೋ ಹಾಕುತ್ತಾರಂತಲ್ಲ. ನನಗೆ ಬೇಡಮ್ಮ.

ಚಿನ್ನು: ರೆನೆಟ್ ದೊಡ್ಡಮ್ಮ. ಹಾಲು ಹೆಪ್ಪಾಗೋಕೆ ಹಾಕೋದು. ಬೋಫೋರ್‌ಗೆ ಕರುವಿನ ಹೊಟ್ಟೆಯಿಂದ ತೆಗೆದದ್ದನ್ನೇ ಹಾಕ್ತಾರೆ. ನೋಡಿ, ಚೀಸ್ ಬಿಟ್ಟರೆ ನಿಮಗೂ ಒಳ್ಳೇದು.

ವಿದ್ಯಾ ಚಿಕ್ಕಮ್ಮ: ಅಕ್ಕನನ್ನು ಹೆದರಿಸಬೇಡ. ನಾನೇನು ಫ್ರಾನ್ಸಿನಿಂದ ತರಿಸ್ತೀನಾ? ಇಲ್ಲಿಯ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆ, ಮೈಕ್ರೋಬಿಯಲ್ ರೆನೆಟ್ ಅಂತ ಬರೆದಿದೆ. ಅಂಗಡಿಯಲ್ಲೇ ಓದಿ ತಂದಿದ್ದೀನಿ.

ಈ ಮಾತಿಗೆ ಚಿನ್ನು ಹತ್ತಿರ ಉತ್ತರ ಇರಲಿಲ್ಲ. ಎರಡು ಕೈ ಮುಗಿಯುವ ಎಮೋಜಿ ಹಾಕಿದ. ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟು ಹೊಡೆದಾಡುತ್ತಿದ್ದಾರೆ ಅನಿಸಿ ನಾನು ಬಾಯಿ ಹಾಕಿದೆ.

ನಾನು: ಚೀಸ್ ಆಮೇಲೆ ನೋಡೋಣ. ಚಿಕ್ಕಮ್ಮ, ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕ್ತೀರಾ?

ವಿದ್ಯಾ ಚಿಕ್ಕಮ್ಮ: ಇದೆಂಥ ಪ್ರಶ್ನೆ? ಹಾಕದಿದ್ದರೆ ಕಪ್ಪಾಗಲ್ವಾ? ಪಲ್ಯಕ್ಕೂ ಹಾಗೇ ತಾನೇ ಮಾಡೋದು.

ನಾನು: ಪಲ್ಯಕ್ಕೆ ಸರಿ, ಇದಕ್ಕೆ ಬೇಡ. ನೀರಿಗೆ ಹಾಕಿದರೆ ತಳದಲ್ಲಿ ಬಿಳಿ ಹಿಟ್ಟು ಕೂರುತ್ತಲ್ಲ, ಇಲ್ಲಿ ಬೇಕಾಗಿರುವುದು ಅದೇ. ಆ ಪಿಷ್ಟ ಬಿಸಿ ಹಾಲಿನಲ್ಲಿ ಉಬ್ಬಿ ಹಾಲನ್ನು ಗಟ್ಟಿ ಮಾಡುತ್ತದೆ. ಅದನ್ನು ತೊಳೆದು ಚೆಲ್ಲಿ, ಆಮೇಲೆ ತೆಳ್ಳಗಾಯ್ತು ಅಂತ ಮೂರು ಥರ ಚೀಸ್ ಸುರಿಯುತ್ತಾರೆ. ಇಡೀ ಗಡ್ಡೆಯನ್ನು ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು, ಒರೆಸಿ. ಸ್ಲೈಸರ್ ಅನ್ನು ಹಾಲಿನ ಪಾತ್ರೆ ಮೇಲೇ ಹಿಡಿದು ಹೆಚ್ಚಿ. ಬಿಲ್ಲೆ ನೇರವಾಗಿ ಹಾಲಿಗೆ ಬಿದ್ದು ಮುಳುಗಿದರೆ ಕಪ್ಪಾಗುವುದಿಲ್ಲ. ದಪ್ಪ ಸುಮಾರು 3 ಮಿಲಿಮೀಟರ್ ಇರಲಿ. ಚಿಪ್ಸಿನಷ್ಟು ತೆಳ್ಳಗೆ ಮಾಡಿದರೆ ಕರಗಿ ಮುದ್ದೆಯಾಗುತ್ತೆ.

ವಿದ್ಯಾ ಚಿಕ್ಕಮ್ಮ: ಓಹೋ. ಅದಕ್ಕೇ ಇರಬೇಕು, ದೀಪಾವಳಿಗೆ ಮಾಡಿದಾಗ ಒಡೆದು ಹೋಗಿತ್ತು. ಕೆಳಗೆ ನೀರು, ಮೇಲೆ ಮೊಸರಿನ ಥರ ಗಂಟು.

ನಾನು: ಅದಕ್ಕೆ ಇನ್ನೂ ಎರಡು ಕಾರಣ ಇರಬಹುದು. ಇಲ್ಲಿ ಸಿಗುವ ಫ್ರೆಶ್ ಕ್ರೀಮ್ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಕೊಬ್ಬು 25%. ಚಿನ್ನು ಊರಿನದರಲ್ಲಿ 30ಕ್ಕೆ ಕಡಿಮೆ ಇರಲ್ಲ. ಕೊಬ್ಬು ಕಡಿಮೆ ಆದಷ್ಟೂ ಜೋರು ಉರಿಗೆ ಬೇಗ ಒಡೆಯುತ್ತೆ. ಓಟಿಜಿ ಓವನ್ ಎಷ್ಟು ಡಿಗ್ರಿಗೆ ಇಟ್ಟಿದ್ದಿರಿ?

ವಿದ್ಯಾ ಚಿಕ್ಕಮ್ಮ: 220. ರೀಲಿನಲ್ಲಿ ಹಾಗೇ ಇತ್ತು.

ಚಿನ್ನು: 🤦

ನಾನು: 160 ಸಾಕು. ಒಂದು ಕೆ.ಜಿ. ಗಡ್ಡೆಗೆ ಅರ್ಧ ಲೀಟರ್ ಗಟ್ಟಿ ಹಾಲು, ಒಂದು ಪ್ಯಾಕೆಟ್ ಕ್ರೀಮ್. ಮೊದಲು ಬಿಲ್ಲೆಗಳನ್ನು ಹಾಲಿನಲ್ಲೇ ಸ್ಟವ್ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ, ತಳ ಹಿಡಿಯದ ಹಾಗೆ ಆಗಾಗ ಮೆಲ್ಲಗೆ ಆಡಿಸಿ. ಸೌಟಿನ ಬೆನ್ನಿಗೆ ಹಾಲು ಅಂಟಿಕೊಳ್ಳುವಷ್ಟು ಮಂದವಾದ ಮೇಲೆ ಕ್ರೀಮ್, ಉಪ್ಪು, ಮೆಣಸು ಸೇರಿಸಿ ಟ್ರೇಗೆ ಹಾಕಿ. ಒಳಗೆ ಒಂದು ಗಂಟೆ. ಚಾಕು ಸಲೀಸಾಗಿ ಇಳಿದರೆ ಬೆಂದಿದೆ. ಕೊನೆಯ ಹತ್ತು ನಿಮಿಷ ಮೇಲಿನ ರಾಡ್ ಮಾತ್ರ ಹಾಕಿ, ಕೆಂಪಾಗುತ್ತೆ. ತೆಗೆದ ತಕ್ಷಣ ಬಡಿಸಬೇಡಿ. ಕಾಲು ಗಂಟೆ ಬಿಟ್ಟರೆ ಹಾಲೆಲ್ಲ ಎಳೆದುಕೊಂಡು ಸೆಟ್ ಆಗುತ್ತೆ.

ರಮೇಶ ಮಾವ: ಗಡ್ಡೆ ನಾನು ತರ್ತೀನಿ. ಹಾಸನದಲ್ಲಿ ಈಗ ಹೊಸ ಬೆಳೆ ಬಂದಿದೆ, ಕುಫ್ರಿ ಜ್ಯೋತಿ ತಳಿ. ಕೋಲ್ಡ್ ಸ್ಟೋರೇಜ್ ಮಾಲು ತಗೋಬೇಡ ವಿದ್ಯಾ, ಅದು ಸಿಹಿ ಹಿಡಿದಿರುತ್ತೆ.

ನಾನು: ಹೊಸದರಲ್ಲಿ ನೀರು ಜಾಸ್ತಿ ಮಾವ. ಹಾಲು ಒಂದು ಲೋಟ ಕಡಿಮೆ ಮಾಡಿಕೊಂಡರೆ ಸರಿಯಾಗುತ್ತೆ.

ಚಿನ್ನು: ಬೆಳ್ಳುಳ್ಳಿ ಮರೀಬೇಡಿ. ಒಂದು ಎಸಳನ್ನು ಅರ್ಧ ಮಾಡಿ ಟ್ರೇ ಒಳಗೆಲ್ಲ ಉಜ್ಜಬೇಕು.

ದೊಡ್ಡಮ್ಮ: ಬೆಳ್ಳುಳ್ಳಿನೂ ನನಗೆ ಬೇಡ. ಜಾಜಿಕಾಯಿ ಬೇಕಾದರೆ ನಾನು ತರ್ತೀನಿ. ವಿದ್ಯಾ, ನಿನ್ನ ಮಗಳಿಗೆ ತೇಯುತ್ತಿದ್ದದ್ದು ಇನ್ನೂ ಅರ್ಧ ಇದೆ.

ವಿದ್ಯಾ ಚಿಕ್ಕಮ್ಮ: ಅಕ್ಕಾ, ಅವಳು ಈಗ ಪಿಯುಸಿ!

ಚಿನ್ನು: ಒಳಗೆ ಗಟ್ಟಿಯಾಗಿದ್ದರೆ ಪರವಾಗಿಲ್ಲ ದೊಡ್ಡಮ್ಮ, ಹೊಸದಾಗಿ ತುರಿದರೆ ವಾಸನೆ ಬರುತ್ತೆ. ಆದರೆ ತೇಯಬೇಡಿ.

ರಮೇಶ ಮಾವ: ಚೀಸ್ ವಿಷಯ ಏನಾಯ್ತು ಹಾಗಾದ್ರೆ?

ನಾನು: ಬೇಕಾದವರು ಹಾಕಿಕೊಳ್ಳಲಿ, ಮಾಡಬಾರದ ತಪ್ಪೇನಲ್ಲ. ಗಟ್ಟಿ ಬರಲಿ ಅಂತ ಮಾತ್ರ ಹಾಕಬೇಡಿ. ಪಿಷ್ಟ ಉಳಿಸಿದರೆ ಅದಿಲ್ಲದೆಯೂ ಗಟ್ಟಿಯಾಗೇ ಬರುತ್ತೆ.

ಚಿನ್ನು: ಹಾಕಿ, ಆದರೆ ಡೊಫಿನ್ವಾ ಅಂತ ಸ್ಟೇಟಸ್ ಹಾಕಬೇಡಿ. ನನ್ನ ರೂಮ್‌ಮೇಟ್ ಇಲ್ಲಿಯವನು, ನನ್ನ ಫೋನ್ ನೋಡ್ತಾನೆ.

ವಿದ್ಯಾ ಚಿಕ್ಕಮ್ಮ: ಆಯ್ತಪ್ಪ. ದೊಡ್ಡ ಟ್ರೇಗೆ ಚೀಸ್, ಸಣ್ಣದಕ್ಕೆ ಇಲ್ಲ. ಸಣ್ಣದಕ್ಕೆ ಬೆಳ್ಳುಳ್ಳಿನೂ ಇಲ್ಲ. ನಮ್ಮ ಓಟಿಜಿಯಲ್ಲಿ ಎರಡೂ ಒಟ್ಟಿಗೆ ಹಿಡಿಯಲ್ಲ, ಅಕ್ಕನದು ಮೊದಲು. ಅಣ್ಣ, ನೀನು ಹನ್ನೊಂದಕ್ಕೆ ಬರ್ತೀನಿ ಅಂತ ಹೇಳಿ ಒಂದಕ್ಕೆ ಬರಬೇಡ, ಗಡ್ಡೆ ನಿನ್ನ ಹತ್ತಿರ ಇರುತ್ತೆ.

ರಮೇಶ ಮಾವ: 👍 ಹತ್ತೂವರೆಗೇ ಇರ್ತೀನಿ.